ಸಿಸ್ಟಂ ಕೆಟ್ಟಾಗ ಫೋನಿನಲ್ಲಿ ಏನು ಹೇಳಬೇಕು?



ಸೋಮವಾರ ಬೆಳಗ್ಗೆ ಹತ್ತೂವರೆ. ಯಾವುದೋ ತಾಲ್ಲೂಕಿನ ಒಂದು ಕಚೇರಿ. ಕಿಟಕಿಯಾಚೆ ಪಹಣಿಗೆ, ಆದಾಯ ಪ್ರಮಾಣಪತ್ರಕ್ಕೆ ಜನ ನಿಂತಿದ್ದಾರೆ. ಒಳಗೆ ಕೂತವರು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಪರದೆ ಕಪ್ಪಗೇ ಇದೆ. ಇನ್ನೊಮ್ಮೆ ಒತ್ತುತ್ತಾರೆ. ಆಮೇಲೆ ಸರ್ವೀಸಿನವರಿಗೆ ಫೋನು ಹೋಗುತ್ತದೆ. ಆ ಮಾತುಕತೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ಹೀಗೇ ಇರುತ್ತದೆ.

‘ಸಾರ್, ನಮ್ ಸಿಸ್ಟಂ ಹೋಗಿದೆ.’

‘ಏನಾಗಿದೆ ಮೇಡಂ?’

‘ಆನೇ ಆಗ್ತಿಲ್ಲ.’

‘ಲೈಟ್ ಏನಾದ್ರೂ ಬರ್ತಿದ್ಯಾ?’

‘ಅದೆಲ್ಲ ನಮಗೆ ಗೊತ್ತಾಗಲ್ಲ ಸಾರ್. ನೀವೇ ಬಂದು ನೋಡಿ.’

ಎಂಜಿನಿಯರ್ ಜಿಲ್ಲಾ ಕೇಂದ್ರದಿಂದ ಬಸ್ಸು ಹಿಡಿದು ಬರುತ್ತಾರೆ. ಕಂಪ್ಯೂಟರಿನ ಡಬ್ಬ ಬಿಚ್ಚುತ್ತಾರೆ. ಹೋಗಿರುವುದು ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡು. ಅವರ ಬ್ಯಾಗಿನಲ್ಲಿರುವುದು ಕರೆಂಟು ಇಳಿಸಿಕೊಡುವ ಎಸ್‌ಎಂಪಿಎಸ್. ಬೋರ್ಡು ತರಿಸಬೇಕು ಅನ್ನುತ್ತಾರೆ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ವಾರ ಕಳೆಯುತ್ತದೆ. ಕಚೇರಿಯವರು ಕಂಪನಿಯನ್ನು ಬೈಯುತ್ತಾರೆ. ಕಿಟಕಿಯಾಚೆಯ ಜನ ಕಚೇರಿಯವರನ್ನು ಬೈಯುತ್ತಾರೆ.

ಆ ವಾರದಲ್ಲಿ ಮೂರು ನಾಲ್ಕು ದಿನ ಉಳಿಸಬಹುದಿತ್ತು. ಫೋನಿನಲ್ಲಿ ನಾಲ್ಕು ಮಾತು ಸರಿಯಾಗಿ ಆಡಿದ್ದರೆ ಸಾಕಿತ್ತು. ಇವತ್ತು ನಾನು ಹೇಳುವುದು ಆ ನಾಲ್ಕು ಮಾತಿನ ಬಗ್ಗೆ. ಫೋನಿನ ಆ ತುದಿಯಲ್ಲಿರುವವರಿಗೆ ನಿಮ್ಮ ಮೇಜು ಕಾಣುವುದಿಲ್ಲ. ಕೇಳುತ್ತಿರುವ ನಿಮಗೆ ನಾನು ಕಾಣದ ಹಾಗೆಯೇ. ಅವರಿಗೆ ಬೇಕಾದುದನ್ನು ನೀವೇ ನೋಡಿ, ಕೇಳಿ, ಮುಟ್ಟಿ ತಿಳಿದುಕೊಂಡು ಹೇಳಬೇಕು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಕಣ್ಣು, ಕಿವಿ, ಒಂದು ಪೆನ್ನು ಸಾಕು.

ಮೊದಲು ಕರೆಂಟು. ಗೋಡೆಯಿಂದ ಶುರು ಮಾಡಿ ಡಬ್ಬದವರೆಗೆ ಅದು ಬರುವ ದಾರಿಯನ್ನು ಹಿಡಿದು ಹೋಗಿ. ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅಲ್ಲಿ ಕರೆಂಟಿದೆಯೇ? ಯುಪಿಎಸ್ಸಿನ ದೀಪ ಉರಿಯುತ್ತಿದೆಯೇ? ಆಮೇಲೆ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು. ಆಮೇಲೆ ನಾವೆಲ್ಲ ಸಿಪಿಯು ಅನ್ನುವ ಡಬ್ಬದ ಬೆನ್ನಿಗೆ ಸಿಕ್ಕಿಸಿದ ದಪ್ಪ ಕೇಬಲ್. ಕಸ ಗುಡಿಸುವಾಗ ಪೊರಕೆ ತಾಗಿ ಅದು ಅರ್ಧ ಹೊರಗೆ ಬಂದಿರುವುದು ಬಹಳ ಸಾಮಾನ್ಯ. ಒತ್ತಿ ಕೂರಿಸಿ. ಕೆಲವು ಡಬ್ಬಗಳಲ್ಲಿ ಆ ಕೇಬಲಿನ ಪಕ್ಕದಲ್ಲೇ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅದರ ಒಂದು ಬದಿಗೆ ಗೆರೆ, ಇನ್ನೊಂದು ಬದಿಗೆ ಸೊನ್ನೆ. ಗೆರೆಯ ಬದಿ ಒಳಕ್ಕೆ ಒತ್ತಿದ್ದರೆ ಕರೆಂಟು ಹರಿಯುತ್ತದೆ.

ಎಲ್ಲ ಸರಿಯಿದ್ದೂ ಸಿಸ್ಟಂ ಏಳಲಿಲ್ಲ ಅನ್ನಿ. ಆಗ ಇನ್ನೊಂದು ಕೆಲಸ ಮಾಡಿ. ಡಬ್ಬದ ಹಿಂದಿನ ಕೇಬಲ್ ಕಿತ್ತುಬಿಡಿ. ಮುಂದಿನ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟು, ಕೇಬಲ್ ಮತ್ತೆ ಸಿಕ್ಕಿಸಿ ಆನ್ ಮಾಡಿ. ಇದು ಮಂತ್ರ ಹಾಕಿದ ಹಾಗೆ ಕಂಡೀತು. ಕಾರಣವಿದೆ. ಡಬ್ಬದೊಳಗೆ ಎಸ್‌ಎಂಪಿಎಸ್ ಅನ್ನುವ ಪೆಟ್ಟಿಗೆ ಇದೆ. ನಮ್ಮ 230 ವೋಲ್ಟಿನ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿಕೊಡುವುದು ಅದರ ಕೆಲಸ. ಏರುಪೇರು ಕಂಡರೆ ಅದು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಒಳಗೆ ಉಳಿದ ಕರೆಂಟು ಪೂರಾ ಖಾಲಿಯಾಗುವವರೆಗೆ ಹಾಗೇ ಕೂತಿರುವುದೂ ಉಂಟು. ಅರ್ಧ ನಿಮಿಷ ಒತ್ತುವುದು ಅದನ್ನು ಖಾಲಿ ಮಾಡುವುದಕ್ಕೆ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೂ ಮೇಲ್ಪಟ್ಟ ಚಾರ್ಜು ಸ್ವಲ್ಪ ಹೊತ್ತು ನಿಂತಿರಬಹುದು. ನಿಮ್ಮ ಅಟೆಂಡರ್ ಎಷ್ಟೇ ಕೈಕೆಲಸ ಬಲ್ಲವರಾಗಿರಲಿ, ಅದು ಅವರ ಕೆಲಸವಲ್ಲ.

ಗೋಡೆಯಿಂದ ಡಬ್ಬದವರೆಗಿನ ದಾರಿ ನೋಡಿದ್ದಾಯಿತು. ಈಗ ಡಬ್ಬಕ್ಕೆ ಜೀವವಿದೆಯೋ ಇಲ್ಲವೋ ತಿಳಿಯಬೇಕು. ಪರದೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಸಿಸ್ಟಂ ಸತ್ತಿದೆ ಎಂದಲ್ಲ. ಪರೀಕ್ಷೆ ಸುಲಭ. ಕೀಬೋರ್ಡಿನ ಬಲ ಮೇಲ್ತುದಿಯಲ್ಲಿ ನಮ್ ಲಾಕ್ ಎಂಬ ಕೀಲಿ ಇದೆ. ಅದನ್ನು ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದೆಯೇ? ಹಾಗಿದ್ದರೆ ಒಳಗೆ ಕೆಲಸ ನಡೆಯುತ್ತಿದೆ. ತೊಂದರೆ ಇರುವುದು ಚಿತ್ರ ಪರದೆಗೆ ಬರುವ ದಾರಿಯಲ್ಲಿ.

ಮಾನಿಟರಿನ ಮೇಲೆ ಒಂದು ಕ್ಷಣ ‘ನೋ ಸಿಗ್ನಲ್’ ಅಂತ ತೇಲಿ ಬಂದು ಮಾಯವಾಗುತ್ತದೆಯೇ? ಅದು ಒಳ್ಳೆಯ ಸುದ್ದಿ, ಕಡೇ ಪಕ್ಷ ಮಾನಿಟರಿನ ಮಟ್ಟಿಗೆ. ಅಷ್ಟು ಬರೆದು ತೋರಿಸಲು ಅದಕ್ಕೆ ಶಕ್ತಿ ಇದೆ. ಆದರೂ ಎಷ್ಟೋ ಕಚೇರಿಗಳಲ್ಲಿ ಮೊದಲು ಹೊತ್ತುಕೊಂಡು ಹೋಗುವುದು ಮಾನಿಟರನ್ನೇ. ಇನ್ನೂ ಒಂದು ಮಾತು. ಡಬ್ಬದ ಹಿಂದೆ ಮಾನಿಟರ್ ಕೇಬಲ್ ಸಿಕ್ಕಿಸುವ ಜಾಗ ಎರಡು ಕಡೆ ಇದ್ದರೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದಾರೆ ಎಂದು ಅರ್ಥ. ಕೇಬಲ್ ಆ ಕಾರ್ಡಿಗೆ ಹೋಗಬೇಕು. ಮೇಜು ಆಚೀಚೆ ಸರಿಸಿದ ಮಾರನೆಯ ದಿನ ಬರುವ ದೂರುಗಳಲ್ಲಿ ಇದೂ ಒಂದು.

ಇನ್ನು ಕಿವಿಯ ಕೆಲಸ. ಆನ್ ಆದ ಕೂಡಲೇ ಸಿಸ್ಟಂ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಎಲ್ಲಿಯಾದರೂ ಎಡವಟ್ಟಾದರೆ, ಪರದೆಯ ಮೇಲೆ ಹೇಳಲಾರದ ಆ ಹಂತದಲ್ಲಿ, ಅದು ‘ಬೀಪ್’ ಎಂದು ಕೂಗುತ್ತದೆ. ಇಲ್ಲವೇ ಪವರ್ ಗುಂಡಿಯ ದೀಪವನ್ನು ಮಿಟುಕಿಸುತ್ತದೆ. ಕೂಗಿಗೂ ಮಿಟುಕಿಗೂ ಲೆಕ್ಕವಿದೆ. ಡೆಲ್ ಯಂತ್ರಗಳಲ್ಲಿ ದೀಪ ಹಳದಿ-ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಹೆಚ್ಚಾಗಿ ಕೆಂಪು. ಉದ್ದ ಎಷ್ಟು, ಗಿಡ್ಡ ಎಷ್ಟು, ನಡುವೆ ಬಿಡುವು ಎಲ್ಲಿ, ಅಷ್ಟನ್ನು ಎಣಿಸಿ ಬರೆದುಕೊಳ್ಳಿ. ಅರ್ಥ ಹುಡುಕಲು ಹೋಗಬೇಡಿ. ಒಂದು ಕಂಪನಿಯ ಮೂರು ಬೀಪು ಇನ್ನೊಂದು ಕಂಪನಿಯ ಮೂರು ಬೀಪು ಅಲ್ಲ. ಎಣಿಕೆ ನಿಮ್ಮದು, ಅರ್ಥ ಅವರದು.

ಸಿಸ್ಟಂ ಅರ್ಧಂಬರ್ಧ ಏಳುತ್ತಿದ್ದರೆ ಇನ್ನೂ ಒಳ್ಳೆಯದು. ಎಚ್‌ಪಿಯಲ್ಲಿ ಆನ್ ಮಾಡುವಾಗ ಎಫ್ 2 ಕೀಲಿ, ಡೆಲ್‌ನಲ್ಲಿ ಎಫ್ 12 ಕೀಲಿ ಒತ್ತುತ್ತಾ ಇರಿ. ರೋಗ ಪತ್ತೆಯ ಪಟ್ಟಿ ಸಿಗುತ್ತದೆ. ಡಯಾಗ್ನಾಸ್ಟಿಕ್ಸ್ ಎಂದು ಬರೆದಿರುತ್ತದೆ. ಅದನ್ನು ಓಡಿಸಿ. ಡಿಸ್ಕೋ, ರ‍್ಯಾಮೋ, ಫ್ಯಾನೋ ಕೆಟ್ಟಿದ್ದರೆ ಅದು ಒಂದು ಸಂಖ್ಯೆ ಕೊಡುತ್ತದೆ. ಎಚ್‌ಪಿಯದು 24 ಅಕ್ಷರದಷ್ಟು ಉದ್ದ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಸಂಖ್ಯೆ ಕೈಯಲ್ಲಿದ್ದರೆ ಸರ್ವೀಸಿನವರು ವಾದ ಮಾಡುವುದು ಕಡಿಮೆ. ಎಷ್ಟೋ ಸಲ ಬಿಡಿಭಾಗ ಹಿಡಿದುಕೊಂಡೇ ಬರುತ್ತಾರೆ.

ಕರೆಂಟಿನ ದಾರಿ, ಜೀವದ ಪರೀಕ್ಷೆ, ಬೀಪಿನ ಲೆಕ್ಕ. ಇಲ್ಲಿಯವರೆಗೆ ಹೇಳಿದ್ದು ಏಳದ ಸಿಸ್ಟಂ ಬಗ್ಗೆ. ಎದ್ದರೂ ಕಾಟ ಕೊಡುವ ಸಿಸ್ಟಂಗಳಿವೆ. ಅವುಗಳಲ್ಲಿ ನನಗೆ ಬಹಳ ಸ್ವಾರಸ್ಯ ಅನ್ನಿಸುವುದು ದಿನಾಂಕದ ತೊಂದರೆ.

ದೂರು ಹೀಗೆ ಬರುತ್ತದೆ: ‘ಇಂಟರ್‌ನೆಟ್ ಇದೆ. ಆದರೆ ಸರ್ಕಾರದ ವೆಬ್‌ಸೈಟ್ ಒಂದೂ ತೆರೀತಿಲ್ಲ. ಪಕ್ಕದ ಟೇಬಲಲ್ಲಿ ತೆರೀತಿದೆ.’ ನೆಟ್‌ವರ್ಕಿನವರು ಬರುತ್ತಾರೆ, ಲೈನ್ ಸರಿ ಇದೆ ಅನ್ನುತ್ತಾರೆ. ಸಾಫ್ಟ್‌ವೇರಿನವರು ಬರುತ್ತಾರೆ, ಫಾರ್ಮ್ಯಾಟ್ ಮಾಡೋಣ ಅನ್ನುತ್ತಾರೆ. ಪರದೆಯ ಬಲ ಕೆಳಮೂಲೆಯನ್ನು ಯಾರೂ ನೋಡಿರುವುದಿಲ್ಲ. ಅಲ್ಲಿ ಹತ್ತಾರು ವರ್ಷ ಹಿಂದಿನ ತಾರೀಖು ಕೂತಿರುತ್ತದೆ. ಸುರಕ್ಷಿತ ವೆಬ್‌ಸೈಟುಗಳಿಗೆ ಒಂದು ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇದೆ. ನಿಮ್ಮ ಸಿಸ್ಟಂ ತಾನು ಹಳೇ ಕಾಲದಲ್ಲಿದ್ದೇನೆ ಎಂದುಕೊಂಡಿದ್ದರೆ ಆ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಬಾಗಿಲು ಹಾಕಿಬಿಡುತ್ತದೆ.

ಇದಕ್ಕೆ ಕಾರಣ ಒಂದು ಬಿಲ್ಲೆ. ಮದರ್‌ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಗುಂಡನೆಯ ಸೆಲ್ ಕೂತಿರುತ್ತದೆ. ಅಗಲ 2 ಸೆಂಟಿಮೀಟರ್. ಹೆಸರು ಸಿಆರ್ 2032. ವೋಲ್ಟೇಜ್ ಮೂರು. ಕರೆಂಟಿಲ್ಲದ ಹೊತ್ತಿನಲ್ಲಿ ಗಡಿಯಾರ ನಡೆಸುವುದು ಇದೇ. ಕೆಲವು ವರ್ಷಕ್ಕೆ ಇದರ ಶಕ್ತಿ ಮುಗಿಯುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಕಚೇರಿಗಳಲ್ಲಿ ಬೇಗ ಮುಗಿಯುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಕೆಲವೇ ರೂಪಾಯಿಯ ಮಾತು. ಸೆಲ್ ಬದಲಾದ ಮೇಲೆ ತಾರೀಖು ಸರಿಮಾಡಿದರೆ ಮುಗಿಯಿತು. ಹಾಗಾಗಿ ಫೋನಿನಲ್ಲಿ ‘ನೆಟ್ ಬರ್ತಿಲ್ಲ’ ಅನ್ನುವ ಮೊದಲು ತಾರೀಖು ನೋಡಿ ಹೇಳಿ. ಫಾರ್ಮ್ಯಾಟಿನಿಂದ ಬಚಾವಾಗುತ್ತೀರಿ.

ಹ್ಯಾಂಗ್ ಆಗುವುದು, ತಾನೇ ಆಫ್ ಆಗುವುದು ಇನ್ನೊಂದು ಬಗೆ. ಇದರಲ್ಲಿ ಕೇಳಬೇಕಾದುದು ‘ಯಾವಾಗ?’ ಆನ್ ಮಾಡಿ ಹತ್ತು ನಿಮಿಷಕ್ಕೋ, ಮಧ್ಯಾಹ್ನದ ಬಿಸಿಲು ಏರಿದ ಮೇಲೋ ಆದರೆ ಬಿಸಿಯ ಮೇಲೆ ಅನುಮಾನ. ಧೂಳು ಫ್ಯಾನಿನ ಕೆಳಗೆ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಬ್ಲೋವರ್ ಹಿಡಿಸಿದರೆ ಅರ್ಧ ಕಾಯಿಲೆ ಹೋಗುತ್ತದೆ. ಹೊತ್ತುಗೊತ್ತಿಲ್ಲದೆ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ. ರ‍್ಯಾಮ್ ಅಂದರೆ ಅಂಗೈ ಉದ್ದದ ತೆಳು ಪಟ್ಟಿ. ಕೆಳಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು. ತೇವದ ಊರುಗಳಲ್ಲಿ, ಮಂಗಳೂರು, ಕಾರವಾರದ ಕಡೆ, ಆ ಹಲ್ಲುಗಳು ಬೇಗ ಮಂಕಾಗುತ್ತವೆ. ಎಂಜಿನಿಯರುಗಳು ಆ ಪಟ್ಟಿಯನ್ನು ಕಿತ್ತು, ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಎಂದು ಶಬ್ದವಾಗುವಂತೆ ಮತ್ತೆ ಕೂರಿಸುತ್ತಾರೆ. ವಾರಂಟಿ ಮುಗಿದ ಸಿಸ್ಟಂ ಆದರೆ ಕೈಪಳಗಿದವರು ಕಚೇರಿಯಲ್ಲೇ ಮಾಡಬಹುದು. ಪ್ಲಗ್ ಕಿತ್ತಿರಬೇಕು. ಮೊದಲು ಡಬ್ಬದ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ತು ಇಳಿಸಿಕೊಂಡಿರಬೇಕು.

ಕಬ್ಬಿಣ ಮುಟ್ಟುವ ಮಾತು ಬಂತು. ಸಿಸ್ಟಂ ನಡೆಯುತ್ತಿರುವಾಗ ಡಬ್ಬ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಎಷ್ಟೋ ಕಚೇರಿಗಳಲ್ಲಿ ಅದಕ್ಕೆ ಒಗ್ಗಿಹೋಗಿದ್ದಾರೆ. ಚಪ್ಪಲಿ ಹಾಕಿಕೊಂಡು ಮುಟ್ಟಿ ಅನ್ನುತ್ತಾರೆ! ಆ ಜುಮ್ಮು ಅರ್ತಿಂಗ್ ಇಲ್ಲ ಎಂಬುದರ ಸೂಚನೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರು ಸಣ್ಣ ಪ್ರಮಾಣದ ಕರೆಂಟನ್ನು ಅರ್ತಿಗೆ ಬಿಡುತ್ತದೆ. ಅರ್ತ್ ಇಲ್ಲದಿದ್ದರೆ ಅದು ಡಬ್ಬದ ಮೈಯಲ್ಲೇ ನಿಲ್ಲುತ್ತದೆ. ಕಂಪನಿಯವರು ನ್ಯೂಟ್ರಲ್ಲಿಗೂ ಅರ್ತಿಗೂ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಎರಡು ಮೂರು ವೋಲ್ಟಿನೊಳಗೆ ಇರಬೇಕು. ಹೆಚ್ಚಿದ್ದರೆ ವಾರಂಟಿಗೆ ತಕರಾರು ತೆಗೆಯಲು ಅವರಿಗೆ ಒಂದು ನೆಪ ಸಿಕ್ಕಂತೆ. ಈ ದೂರು ಕಂಪನಿಗೆ ಹೋಗಬೇಕಾದುದಲ್ಲ. ಕಟ್ಟಡದ ಎಲೆಕ್ಟ್ರಿಷಿಯನ್ನಿಗೆ.

ಮಲೆನಾಡಿನ ಕೇಳುಗರಿಗೆ ಗೊತ್ತಿರುವ ಇನ್ನೊಂದು ಸಂಗತಿ ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಎಲ್ಲರೂ ಕರೆಂಟಿನ ಪ್ಲಗ್ಗು ಕೀಳುತ್ತಾರೆ. ನೆಟ್‌ವರ್ಕ್ ವೈರನ್ನು ಬಿಟ್ಟಿರುತ್ತಾರೆ. ಸಿಡಿಲಿನ ಹೊಡೆತ ಟೆಲಿಫೋನ್ ತಂತಿಯಿಂದ ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ವೈರಿನಲ್ಲಿ ಬೋರ್ಡಿಗೆ ಬರುತ್ತದೆ. ಅದನ್ನೂ ಕೀಳಿ. ದೂರು ಹೇಳುವಾಗ ‘ನಿನ್ನೆ ಸಿಡಿಲಿತ್ತು’ ಎಂಬುದನ್ನು ಮುಚ್ಚಿಡಬೇಡಿ. ಸುಟ್ಟ ಬೋರ್ಡು ನೋಡಿದ ಕೂಡಲೇ ಅವರಿಗೆ ತಿಳಿಯುತ್ತದೆ.

ಏಳದ ಸಿಸ್ಟಂ, ತಾರೀಖು ಮರೆತ ಸಿಸ್ಟಂ, ಬಿಸಿಯಾಗುವ ಸಿಸ್ಟಂ. ಒಂದೊಂದಕ್ಕೂ ಏನು ನೋಡಿ ಹೇಳಬೇಕೆಂದು ಕಂಡೆವು. ಈಗ ಹಲವು ಸಿಸ್ಟಂಗಳು ಒಂದೇ ರೀತಿ ಕೆಟ್ಟರೆ? ಇದಕ್ಕೆ ಅಮೆರಿಕದ ಒಂದು ನಿಜವಾದ ಪ್ರಕರಣ ಇದೆ.

2003ರಿಂದ 2005ರ ನಡುವೆ ಡೆಲ್ ಕಂಪನಿ ಆಪ್ಟಿಪ್ಲೆಕ್ಸ್ ಎಂಬ ಕಚೇರಿ ಕಂಪ್ಯೂಟರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾರಿತು. ಅವುಗಳ ಬೋರ್ಡಿನ ಮೇಲೆ ಕೆಪಾಸಿಟರ್ ಎಂಬ ಸಣ್ಣ ಅಲ್ಯೂಮಿನಿಯಂ ಡಬ್ಬಿಗಳಿದ್ದವು. ಕಿರುಬೆರಳ ತುದಿಯಷ್ಟು ಗಾತ್ರ. ಸರಿಯಿರುವ ಕೆಪಾಸಿಟರಿನ ತಲೆ ಮಟ್ಟಸವಾಗಿರುತ್ತದೆ. ಇವುಗಳ ತಲೆ ಉಬ್ಬತೊಡಗಿತು. ಒಳಗಿನ ದ್ರವ ಸೋರಿ ಕಂದು ಬಣ್ಣದ ಹಕ್ಕಳೆ ಕಟ್ಟಿತು. ಯಂತ್ರಗಳು ಸಾಲುಸಾಲಾಗಿ ನಿಂತವು. ಹೀಗೆ ಕೆಡುವ ಸಂಭವವಿದ್ದ ಯಂತ್ರಗಳೇ ಒಂದು ಕೋಟಿಗೂ ಹೆಚ್ಚು. ರಿಪೇರಿ, ಬದಲಾವಣೆಗಾಗಿ ಕಂಪನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಟ್ಟಿತು. ಆಮೇಲೆ ಮೊಕದ್ದಮೆ ನಡೆಯಿತು. ಅದರ ದಾಖಲೆಗಳು 2010ರಲ್ಲಿ ಪತ್ರಿಕೆಗೆ ಬಂದಾಗ ಒಂದು ತಮಾಷೆಯ ವಿಷಯ ಹೊರಬಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಕಂಪ್ಯೂಟರುಗಳು ಕೆಟ್ಟಿದ್ದವು. ಕಂಪನಿ ಕೊಟ್ಟ ಕಾರಣ ಏನು ಗೊತ್ತೆ? ನೀವು ಅವುಗಳಿಂದ ಬಹಳ ಕಷ್ಟದ ಲೆಕ್ಕ ಮಾಡಿಸಿದಿರಿ, ಅದಕ್ಕೆ ಕೆಟ್ಟವು!

ಗಣಿತ ವಿಭಾಗದವರು ಲೆಕ್ಕ ಮಾಡದೆ ಇನ್ನೇನು ಮಾಡಬೇಕು? ಇಂಥ ಉತ್ತರಕ್ಕೆ ಎದುರು ನಿಲ್ಲುವುದು ಒಂದು ರಿಜಿಸ್ಟರ್ ಮಾತ್ರ. ನಿಮ್ಮ ಕಚೇರಿಯಲ್ಲಿ 200 ಪುಟದ ಒಂದು ನೋಟ್ ಪುಸ್ತಕ ಇಡಿ. ಯಾವ ಸಿಸ್ಟಂ, ಯಾವ ದಿನ, ಏನಾಯಿತು, ಯಾರು ಬಂದರು, ಏನು ಬದಲಾಯಿಸಿದರು. ಅಷ್ಟೆ. ಒಂದೇ ಆರ್ಡರಿನಲ್ಲಿ ಬಂದ ಹತ್ತರಲ್ಲಿ ನಾಲ್ಕು ಒಂದೇ ಬಗೆಯಲ್ಲಿ ಕೆಟ್ಟಿವೆ ಎಂದು ತಾರೀಖಿನ ಸಮೇತ ತೋರಿಸಿದರೆ, ‘ನೀವು ಸರಿಯಾಗಿ ಬಳಸಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಎಲ್ಲ ಕಚೇರಿಯಲ್ಲೂ ಸ್ಟಾಕ್ ರಿಜಿಸ್ಟರ್ ಇದೆ. ಅದರಲ್ಲಿ ಬಂದದ್ದು ಮಾತ್ರ ಇರುತ್ತದೆ. ಕೆಟ್ಟದ್ದು ಇರುವುದಿಲ್ಲ.

ನೋಡುವುದು, ಕೇಳುವುದು, ಬರೆದಿಡುವುದು ಆಯಿತು. ಈಗ ಫೋನು ಎತ್ತೋಣ. ಅಲ್ಲ, ಸ್ವಲ್ಪ ತಾಳಿ. ಯಾವ ನಂಬರಿಗೆ? ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಟೋಲ್‌ಫ್ರೀ ನಂಬರನ್ನು ನಂಬಬೇಡಿ. ಕಂಪನಿಯ ಹೆಸರು ಹೇಳಿಕೊಂಡು ಕೂತ ವಂಚಕರಿದ್ದಾರೆ. ದೂರದಿಂದಲೇ ನಿಮ್ಮ ಸಿಸ್ಟಂ ನೋಡುತ್ತೇವೆ, ಇಂಥ ಆ್ಯಪ್ ಹಾಕಿ ಅನ್ನುತ್ತಾರೆ. ಹತ್ತು ರೂಪಾಯಿ ಕಟ್ಟಿ ಅನ್ನುತ್ತಾರೆ. ಆಮೇಲೆ ಖಾತೆ ಬರಿದು. ನಂಬರನ್ನು ಡಬ್ಬದ ಜೊತೆ ಬಂದ ಕಾಗದದಿಂದ, ಇಲ್ಲವೇ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸರಿಯಾದ ನಂಬರ್ ಸಿಕ್ಕಿತು. ಅವರು ಮೊದಲು ಕೇಳುವುದು ಸೀರಿಯಲ್ ನಂಬರ್. ಡೆಲ್‌ನವರು ಸರ್ವೀಸ್ ಟ್ಯಾಗ್ ಅನ್ನುತ್ತಾರೆ, ಅದು ಏಳು ಅಕ್ಷರ. ಡಬ್ಬದ ಬೆನ್ನಿಗೋ ತಲೆಗೋ ಚೀಟಿ ಅಂಟಿಸಿರುತ್ತಾರೆ. ಮೇಜಿನ ಕೆಳಗೆ ಬಗ್ಗಿ, ಟಾರ್ಚ್ ಬಿಟ್ಟುಕೊಂಡು, ಧೂಳು ಒರೆಸುತ್ತಾ ಓದುವುದು ಕಷ್ಟ. ಸಿಸ್ಟಂ ಸರಿಯಿರುವ ದಿನವೇ ಎಲ್ಲದರ ನಂಬರನ್ನೂ ಆ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಫೋನಿನಲ್ಲಿ ಬಿ, ಡಿ, ಪಿ ಮೂರೂ ಒಂದೇ ಥರ ಕೇಳುತ್ತವೆ. ಬೆಂಗಳೂರಿನ ಬಿ, ದಾವಣಗೆರೆಯ ಡಿ, ಪುತ್ತೂರಿನ ಪಿ ಎಂದು ಬಿಡಿಸಿ ಹೇಳಿ. ಮೈಸೂರಿನ ಎಂ, ನಂಜನಗೂಡಿನ ಎನ್. ಅತ್ತ ಕಡೆಯವರು ಹಿಂದಿ ಮಾತಾಡುವವರಾದರೆ ಮುಂಬೈ, ನಾಗಪುರ ಅನ್ನಿ.

ಆ ನಂಬರಿನಿಂದ ವಾರಂಟಿ ಇದೆಯೋ ಇಲ್ಲವೋ ಕ್ಷಣದಲ್ಲಿ ತಿಳಿಯುತ್ತದೆ. ಕಚೇರಿಗೆಂದು ಮಾರುವ ಡೆಸ್ಕ್‌ಟಾಪುಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಆನ್‌ಸೈಟ್ ವಾರಂಟಿ ಇರುತ್ತದೆ. ಅವರೇ ನಿಮ್ಮಲ್ಲಿಗೆ ಬರಬೇಕು. ಸರ್ಕಾರಿ ಕಚೇರಿಗಳು ಈಗ ಹೆಚ್ಚಾಗಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿ ಕೊಳ್ಳುತ್ತವೆ. ಎಷ್ಟು ವರ್ಷ ಎಂಬುದು ಆ ಆರ್ಡರಿನಲ್ಲೇ ಬರೆದಿರುತ್ತದೆ. ವಾರಂಟಿ ಮುಗಿದ ಮೇಲೆ ಎಎಂಸಿ. ಅಂದರೆ ವರ್ಷದ ನಿರ್ವಹಣೆಯ ಕರಾರು. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಬಿಡಿಭಾಗವೂ ಸೇರಿರುತ್ತದೆ. ಇನ್ನೊಂದರಲ್ಲಿ ಕೂಲಿ ಮಾತ್ರ. ಟೆಂಡರಿನಲ್ಲಿ ಕಡಿಮೆ ದರ ಕಂಡು ಎರಡನೆಯದಕ್ಕೆ ಸಹಿ ಹಾಕಿ, ಬೋರ್ಡು ಹೋದ ದಿನ ಜಗಳಕ್ಕೆ ನಿಲ್ಲುವ ಕಚೇರಿಗಳು ಬಹಳ. ಎಷ್ಟು ಗಂಟೆಯೊಳಗೆ ಬರಬೇಕು, ತಡವಾದರೆ ಬದಲಿ ಸಿಸ್ಟಂ ಕೊಡಬೇಕೇ ಎಂಬ ಎರಡು ಸಾಲು ಕರಾರಿನಲ್ಲಿ ಇದೆಯೇ ಎಂದು ಮೊದಲೇ ಓದಿಕೊಳ್ಳಿ. ಮಾತು ಮುಗಿಸುವ ಮುನ್ನ ಕಾಲ್ ನಂಬರ್ ಕೇಳಿ ಬರೆದುಕೊಳ್ಳಿ. ನಂಬರಿಲ್ಲದ ದೂರು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕಡೆಯದಾಗಿ, ಎಂಜಿನಿಯರ್ ಬಂದ ದಿನ. ಅವರು ಡಿಸ್ಕ್ ಬದಲಾಯಿಸಬೇಕು ಎಂದರೆ ಎಚ್ಚರವಾಗಿರಿ. ಡಿಸ್ಕಿನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಪ್ರತಿ ಸಲವೂ ಒಳಗಿನ ಕಡತಗಳು ಉಳಿಯುವ ಆಸೆ ಕಡಿಮೆಯಾಗುತ್ತದೆ. ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ಒಯ್ಯುವುದು ರೂಢಿ. ಹಳೆಯದರಲ್ಲಿ ಜನರ ಆಧಾರ್ ಪ್ರತಿ, ಬ್ಯಾಂಕ್ ವಿವರ ಎಲ್ಲ ಇರುತ್ತವೆ. ಹಳೇ ಡಿಸ್ಕನ್ನು ನಿಮ್ಮಲ್ಲೇ ಉಳಿಸಿಕೊಳ್ಳುವ ಸೌಲಭ್ಯವನ್ನು ದೊಡ್ಡ ಕಂಪನಿಗಳು ಸ್ವಲ್ಪ ಹೆಚ್ಚು ಹಣಕ್ಕೆ ಮಾರುತ್ತವೆ. ಕೊಳ್ಳುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು.

ಕೆಲಸ ಮುಗಿಸಿ ಅವರು ಸರ್ವೀಸ್ ರಿಪೋರ್ಟ್ ಚಾಚುತ್ತಾರೆ. ‘ಸೀಲು, ಸಹಿ ಹಾಕಿ ಸಾರ್, ಬಸ್ಸಿಗೆ ಹೊತ್ತಾಯಿತು’ ಅನ್ನುತ್ತಾರೆ. ಪಾಪ, ಅವರಿಗೂ ದಿನಕ್ಕೆ ಇಷ್ಟು ಕಾಲ್ ಮುಗಿಸಬೇಕು ಎಂಬ ಲೆಕ್ಕ ಇರುತ್ತದೆ. ಆದರೂ ಸಿಸ್ಟಂ ಅನ್ನು ಒಮ್ಮೆ ಪೂರಾ ಆಫ್ ಮಾಡಿ ಆನ್ ಮಾಡಿಸಿ. ಪ್ರಿಂಟ್ ಒಂದು ತೆಗೆಸಿ. ನಿಮ್ಮ ದಿನನಿತ್ಯದ ತಂತ್ರಾಂಶ ತೆರೆಸಿ. ಕಾಫಿ ತರಿಸಿ ಕೂರಿಸಿಕೊಳ್ಳಿ, ಅಷ್ಟು ಹೊತ್ತು ಸಿಸ್ಟಂ ಓಡಲಿ. ಬಿಡಿಭಾಗ ಇನ್ನೂ ಬರಬೇಕಾಗಿದ್ದರೆ ‘ಕೆಲಸ ಬಾಕಿ ಇದೆ, ಬೋರ್ಡ್ ಬರಬೇಕು’ ಎಂದು ನಿಮ್ಮ ಕೈಯಾರೆ ಬರೆದು, ಅದರ ಕೆಳಗೆ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಕಡತದಲ್ಲಿ ಉಳಿಯಲಿ.